ಹಗೇವಿನ ಜೀವಕ್ಕೆ ಉಡಿ ತುಂಬಿದ್ದು

ನಾನು ಕಥೆ ಹೇಳಲು ಶುರುಮಾಡಿದ್ದು ಯಾವ ಸ್ಫೂರ್ತಿಯಿಂದಲೂ ಅಲ್ಲ, ಹೆಬ್ಬೆರಳು ನೋಯುತ್ತಿದ್ದುದರಿಂದ. ಸಿಂಧನೂರಿನಲ್ಲಿ ನಮ್ಮಪ್ಪನದು ಕಾಳುಕಡಿಯ ವ್ಯಾಪಾರ. ಬೇಸಿಗೆ ಬಂತೆಂದರೆ ಬಿತ್ತನೆಯ ಶೇಂಗಾವನ್ನು ಕೈಯಿಂದಲೇ ಒಡೆಯಬೇಕು. ಮಷಿನ್ನಿಗೆ ಹಾಕಿದರೆ ಕಾಳು ಸೀಳುತ್ತದೆ, ಸೀಳಿದ ಕಾಳು ಮೊಳೆಯುವುದಿಲ್ಲ. ಹೀಗಾಗಿ ಮಧ್ಯಾಹ್ನದ ಊಟ ಮುಗಿಯುತ್ತಲೇ ನಮ್ಮ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಸುತ್ತ ಕೂತು, ನೀರು ಚಿಮುಕಿಸಿದ ಕಾಯಿಯ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ ಪಟಪಟ ಒಡೆಯುತ್ತಿದ್ದರು. ಮನೆಯ ಹುಡುಗಿ ಅಂತ ನನ್ನ ಮುಂದೆಯೂ ಒಂದು ಗುಡ್ಡೆ. ಎರಡು ದಿನಕ್ಕೆ ನನ್ನ ಹೆಬ್ಬೆರಳು ಬಾತು ಬದನೆಕಾಯಿ ಆಗಿತ್ತು.

ಮೂರನೆಯ ದಿನ ನಾನೊಂದು ವಿಷಯ ಪತ್ತೆ ಹಚ್ಚಿದೆ. ಮಾತಾಡುವವಳ ಕೈ ನಿಂತರೆ ಯಾರೂ ಗಮನಿಸುವುದಿಲ್ಲ; ಮಾತು ನಿಂತರೆ ಮಾತ್ರ ಎಲ್ಲರೂ ತಲೆ ಎತ್ತುತ್ತಾರೆ. ಕಥೆ ಚೆನ್ನಾಗಿದ್ದರಂತೂ ಪಕ್ಕದವರು ನಮ್ಮ ಗುಡ್ಡೆಯನ್ನೂ ತಮ್ಮ ಕಡೆ ಎಳೆದುಕೊಂಡು ಒಡೆಯುತ್ತಾರೆ. ಆಗ ನನಗೆ ಹನ್ನೊಂದು ವರ್ಷ. ನಿಜಾಮನ ರಾಜ್ಯ ಹೋಗಿ ಎರಡು ಮೂರು ವರ್ಷ ಆಗಿದ್ದವು. ಸಾಲೆಯಲ್ಲಿ ಮೊದಲು ಅಲೀಫ್ ಬೇ ತಿದ್ದಿ, ಆಮೇಲೆ ಅದೇ ಪಾಟಿಯನ್ನು ಒರೆಸಿ ಅ ಆ ತಿದ್ದಿದವಳು ನಾನು. ನಾಲ್ಕನೆಯ ಜಮಾತು, ಅಂದರೆ ನಾಲ್ಕನೆಯ ತರಗತಿ, ಮುಗಿದಿತ್ತು. ಕೈಯಲ್ಲಿ ಕೆಲಸವಿಲ್ಲ, ಬಾಯಲ್ಲಿ ಮಾತು ಬೇಕಾದಷ್ಟು.

ನಮ್ಮ ಅಂಗಳದಲ್ಲಿ ಒಂದು ಹಗೇವು ಇತ್ತು. ನೆಲದೊಳಗೆ ಎರಡಾಳು ಆಳ ಅಗೆದು, ಒಳಗೋಡೆಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಒಬ್ಬರು ಇಳಿಯುವಷ್ಟೇ ಇರುವ ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುವುದು. ಅದನ್ನು ತೆರೆದ ದಿನ ಯಾರೂ ತಟ್ಟನೆ ಇಳಿಯುವುದಿಲ್ಲ. ಒಳಗಿನ ಕೆಟ್ಟ ಗಾಳಿ ಗಟ್ಟಿ ಆಳನ್ನೂ ಕೆಡವಿಬಿಡುತ್ತದೆ. ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಬಿಟ್ಟು ನೋಡುತ್ತಾರೆ. ಅದು ಆರದೆ ಉರಿದರೆ ಮನುಷ್ಯ ಇಳಿಯಬಹುದು. ಅಂಥ ಹಗೇವಿನೊಳಗೆ ನಾನು ಒಂದು ಜೀವವನ್ನು ಕೂರಿಸಿದೆ.

ಅದು ಕೊಡದಷ್ಟು ದುಂಡಗಿತ್ತು. ಮೈಯೆಲ್ಲ ಜೋಳದ ಬಣ್ಣ. ನಾಲ್ಕು ಕೈ, ಒಂದು ಹೊಟ್ಟೆ. ಕೂದಲಿಲ್ಲ, ಯಾಕೆಂದರೆ ಅವ್ವ ದಿನಾ ಎಣ್ಣೆ ಸುರಿದು ನನ್ನ ತಲೆ ಬಾಚುವಾಗ ನನಗೆ ಜೀವ ಹೋಗುತ್ತಿತ್ತು. ಕಿವಿಯಿಲ್ಲ, ಯಾಕೆಂದರೆ ಮಾಸ್ತರರಿಗೆ ಹಿಂಡಲು ಏನೂ ಸಿಗಬಾರದು. ರಾತ್ರಿಯೆಲ್ಲ ಜೋಳ ತಿಂದು ಹಗಲೆಲ್ಲ ಊರಿನ ಸುದ್ದಿಯನ್ನು ನೆಲದೊಳಗಿಂದ ಕೇಳುವುದು ಅದರ ಉದ್ಯೋಗ. ಕಿವಿಯಿಲ್ಲದೆ ಹೇಗೆ ಕೇಳುತ್ತದೆ ಎಂದು ಯಾರೂ ಕೇಳಲಿಲ್ಲ. ಅವರು ಕೇಳಿದ್ದೇ ಬೇರೆ.

“ಅದೆಲ್ಲ ಇರ್ಲಿ,” ಎಂದಳು ಮುಕ್ಕುಂದದಿಂದ ನಮ್ಮೂರಿಗೆ ಕೊಟ್ಟಿದ್ದ ಒಬ್ಬ ಹೆಂಗಸು, ಗುಂಪಿನಲ್ಲೇ ದೊಡ್ಡ ಗಂಟಲಿನವಳು. “ಅದು ಹೆಣ್ಣೋ ಗಂಡೋ ಅದನ್ನ ಮೊದಲು ಹೇಳಬೇ.”

“ಎರಡೂ ಅಲ್ಲ,” ಎಂದೆ ನಾನು.

“ಎರಡೂ ಅಲ್ಲ ಅಂದ್ರ ಬೈಯೋದು ಹೆಂಗ? ಗಂಡಿಗೆ ಬೈಯೋ ಬೈಗಳ ಬ್ಯಾರೆ, ಹೆಣ್ಣಿಗೆ ಬ್ಯಾರೆ. ಸುಮ್ನ ಕುಂತು ಜೋಳ ತಿನ್ನಾಕತ್ತೈತಿ, ಬೈಯದs ಹೆಂಗ ಇರೋದು?”

ಎಲ್ಲರೂ ನಕ್ಕರು. ನಕ್ಕು ಸುಮ್ಮನಾಗಲಿಲ್ಲ. ಆ ಹೊತ್ತಿನಿಂದ ಆ ಪಡಸಾಲೆಯಲ್ಲಿ ಎರಡು ಪಕ್ಷ ಹುಟ್ಟಿದವು. ಮುಕ್ಕುಂದದವಳು ಗಂಡು ಎಂಬ ಪಕ್ಷದ ಮುಂದಾಳು. “ತಿಂದು ತೌಡು ಅಲ್ಲೇ ಚೆಲ್ಲಿ ಎದ್ದು ಹೋಗತೈತಿ ಅಂತ ನೀನs ಅಂದಿ. ಹೆಣ್ಣಾಗಿದ್ರ ಬಳದು ಒಂದು ಕಡಿ ಇಡ್ತಿದ್ದಿಲ್ಲೇನು?” ಇದಕ್ಕೆ ತಲೆದೂಗಿದವರು ಆರು ಜನ.

ಇನ್ನೊಂದು ಪಕ್ಷಕ್ಕೆ ನಮ್ಮ ಆಯಿಯೇ ಯಜಮಾನಿ. ಆಯಿ ಅಂದರೆ ಅಪ್ಪನ ತಾಯಿ. ಮನೆಯ ಬೀಗದ ಕೈ, ಅಡಿಗೆಮನೆಯ ಕಾರುಬಾರು, ಮಕ್ಕಳ ಮದುವೆ, ಎಲ್ಲವೂ ಅವಳ ಸೆರಗಿನ ಗಂಟಿನಲ್ಲೇ ಇರುತ್ತಿದ್ದವು. ಅವಳು ಶೇಂಗಾ ಒಡೆಯುವುದು ನಿಲ್ಲಿಸದೆಯೇ ತೀರ್ಪು ಕೊಟ್ಟಳು: “ಹೆಣ್ಣು. ಹಗೇವಿನಾಗ ಜೋಳ ಎಷ್ಟೈತಿ ಅಂತ ಅದಕ್ಕ ಗೊತ್ತೈತಿ. ಮನ್ಯಾಗ ಜೋಳ ಎಷ್ಟೈತಿ ಅಂತ ಯಾವ ಗಂಡಸಿಗೆ ಗೊತ್ತಿರತೈತಿ?” ಗೋಡೆಯಾಚೆ ಮಧ್ಯಾಹ್ನದ ನಿದ್ದೆಯ ನೆವದಲ್ಲಿ ಮಲಗಿದ್ದ ಅಪ್ಪ, ಊರಿಗೆಲ್ಲ ಜೋಳ ಮಾರುವವನು, ಒಮ್ಮೆ ಕೆಮ್ಮಿದ. ಅವನೂ ದಿನಾ ಕಥೆ ಕೇಳುತ್ತಿದ್ದಾನೆಂದು ನಮಗೆ ತಿಳಿದದ್ದು ಆ ಕೆಮ್ಮಿನಿಂದಲೇ.

ಮಾರನೆಯ ದಿನ ಆ ಜೀವ ಮುನಿಸಿಕೊಂಡು ಮೂಲೆಗೆ ಕೂತಿತು ಎಂದೆ. “ನೋಡ್ರಿ, ಹೆಣ್ಣು!” ಎಂದರು ಈ ಕಡೆಯವರು. ಆ ಕಡೆಯಿಂದ ಒಬ್ಬಳು ಸಿಡಿದಳು: “ಮುನಿಸು ಹೆಂಗಸರದಂತ ಯಾರು ಹೇಳಿದ್ರು? ನಮ್ಮನಿಯಾಂವ ಸಾರಿಗೆ ಉಪ್ಪು ಹೆಚ್ಚಾತು ಅಂತ ಎಂಟು ದಿನ ಮಾತು ಬಿಟ್ಟಾನ.” ಅದರ ಮರುದಿನ ಅದು ಹಾವಿಗೆ ಹೆದರಲಿಲ್ಲ ಎಂದೆ. ಹೆದರಲಿಲ್ಲ ಅಂದಮೇಲೆ ಗಂಡೇ ಎಂದು ಕೆಲವರು ಅಂದರೆ, ಹಾವು ಕಂಡಾಗ ಮನೆಯಲ್ಲಿ ಮೊದಲು ಮಂಚ ಹತ್ತಿದವರು ಯಾರೆಂದು ಉಳಿದವರು ಒಬ್ಬೊಬ್ಬರಾಗಿ ಸಾಕ್ಷಿ ಹೇಳಿದರು. ಆ ಬೇಸಿಗೆಯಲ್ಲಿ ಯಾರ ಗಂಡ ಎಂಥವನೆಂದು ನನಗೆ ಪೂರ್ತಿ ತಿಳಿಯಿತು. ನನ್ನ ಜೀವದ ಬಗ್ಗೆ ಮಾತ್ರ ಯಾರೂ ಒಂದು ಹೊಸ ಸಂಗತಿ ಹೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಮನೆಯಿಂದಲೇ ಅದನ್ನು ಹೊತ್ತು ತರುತ್ತಿದ್ದರು.

ಎಲ್ಲಕ್ಕಿಂತ ಮೋಜಿನ ವಾದ ನಮ್ಮ ಬಳೆಗಾರ್ತಿಯದು. ತಿಂಗಳಿಗೆರಡು ಸಲ ಬಳೆಯ ಮಲಾರ ಹೊತ್ತು ಬರುತ್ತಿದ್ದ ಮುಸಲ್ಮಾನರ ಹೆಂಗಸು. ನಾವು ಅವಳನ್ನು ಖಾಲಾ ಎನ್ನುತ್ತಿದ್ದೆವು. ಕನ್ನಡ, ದಖನಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದಳು. ಅವಳು ಕಥೆಯನ್ನು ಪೂರ್ತಿ ಕೇಳಿ, ಎಲೆಯಡಿಕೆ ಉಗುಳಿ ಬಂದು ಹೇಳಿದಳು: “ಅರೇ ಬೇಟಿ, ನಾಕು ಕೈ ಐತಿ ಅಂತೀ, ಮತ್ತ ಗಂಡು ಅಂತ ಹೆಂಗ ಬಿಡ್ಲಿ? ಅಲ್ಲಾ ನಾಕು ಕೈ ಕೊಟ್ಟಾನ ಅಂದ್ರ ಬಳಿ ಹಾಕ್ಕೊಳ್ಳಾಕs ಕೊಟ್ಟಾನ.” ಹೀಗೆ ಹೇಳಿ ನನ್ನ ಕೈಗೆ ಬಳೆ ಏರಿಸುತ್ತ, ಆ ಜೀವದ ಮುಂಗೈ ಅಳತೆ ಏನೆಂದೂ ಕೇಳಿದಳು.

ಇಷ್ಟರಲ್ಲಿ ಲಿಂಗಸುಗೂರಿನಿಂದ ನಮ್ಮ ಚಿಗವ್ವ ಬಂದಳು. ಅವ್ವನ ತಂಗಿ, ಮಾತಿನಲ್ಲಿ ಚುರುಕು, ನಗುವಿನಲ್ಲಿ ಅದಕ್ಕಿಂತ ಚುರುಕು. ಅವಳ ಮನೆಯ ಹತ್ತಿರದ ಸಾಲೆಯಲ್ಲಿ ಐದನೆಯ ಜಮಾತಿಗೂ ನಾಲ್ಕೈದು ಹುಡುಗಿಯರು ಕೂರುತ್ತಾರಂತೆ. ನಮ್ಮೂರಿನಲ್ಲಿ ನಾಲ್ಕನೆಯದರ ಮೇಲೆ ಒಬ್ಬ ಹುಡುಗಿಯೂ ಕೂತವಳಲ್ಲ. “ಇಕೀನ ನನ್ನ ಜೋಡಿ ಕಳಸ್ರಿ ಯಮ್ಮಾ. ನಮ್ಮನ್ಯಾಗ ಇದ್ದು ಓದ್ತಾಳ,” ಎಂದು ಚಿಗವ್ವ ಆಯಿಗೆ ಹೇಳಿದಾಗ ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ನನಗೆ ಆ ಸಾಲೆ ಬೇಕಿತ್ತು. ಹೊಟ್ಟೆ ಹಸಿದವರಿಗೆ ಅನ್ನ ಬೇಕಾಗುವ ಹಾಗೆ ಬೇಕಿತ್ತು. ಆಯಿ “ನೋಡೂಣು,” ಎಂದಳು. ನಮ್ಮ ಮನೆಯಲ್ಲಿ ನೋಡೂಣು ಎಂದರೆ ಇಲ್ಲ ಎಂದು ಅರ್ಥ.

ಅಳಲಿಲ್ಲ ನಾನು. ಅತ್ತರೆ ಆಯಿ ಇನ್ನೂ ಗಟ್ಟಿಯಾಗುತ್ತಾಳೆಂದು ಗೊತ್ತಿತ್ತು. ಬದಲಿಗೆ ಮರುದಿನದಿಂದ ಹಗೇವಿನ ಜೀವವನ್ನು ಲಿಂಗಸುಗೂರಿನ ಸಾಲೆಗೆ ಕಳಿಸಿದೆ. ಅದು ಹತ್ತಿಯ ಬಂಡಿಯಲ್ಲಿ ಅಂಡಿಗೆಗಳ ನಡುವೆ ಕೂತು ಹೋಯಿತು. ಕಡೆಯ ಸಾಲಿನಲ್ಲಿ ಕೂತು ನಾಲ್ಕು ಕೈಯಿಂದ ನಾಲ್ಕು ಪಾಟಿಯ ಮೇಲೆ ನಾಲ್ಕು ಥರದ ಲೆಕ್ಕ ಬಿಡಿಸಿತು. ಮಾಸ್ತರರು ಕಿವಿ ಹಿಂಡಲು ಕೈ ಚಾಚಿ, ಏನೂ ಸಿಗದೆ ಬೆಪ್ಪಾಗಿ ನಿಂತರು. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಶೇಂಗಾ ಸಿಪ್ಪೆ ಪಡಸಾಲೆ ತುಂಬ ಹಾರಿತು.

ಸಾಲೆಗೆ ಹೋದದ್ದರಿಂದ ಗಂಡು ಪಕ್ಷಕ್ಕೆ ಎಲ್ಲಿಲ್ಲದ ಬಲ ಬಂತು. ಆಯಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ. “ಹೆಣ್ಣs. ನಾಕು ದಿನ ಹೋಗಿ ಬರ್ಲಿ, ಏನಾತು?”

ನಾನು ಕಾಯುತ್ತಿದ್ದುದು ಈ ಮಾತಿಗೇ. “ಹೆಣ್ಣಾದ್ರೂ ಸಾಲಿಗೆ ಕಳಸ್ತಿಯೇನು ಆಯಿ?”

“ಕಥಿಯಾಗ ಕಳಸ್ತೀನಿ,” ಎಂದಳು ಆಯಿ. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಅವಳನ್ನು ಮಾತಿನಲ್ಲಿ ಹಿಡಿಯುವುದು ಅಷ್ಟು ಸುಲಭವಿರಲಿಲ್ಲ.

ಅತ್ತ ಕಥೆ ನನ್ನ ಕೈ ಬಿಟ್ಟು ಊರೂರು ತಿರುಗತೊಡಗಿತ್ತು. ಚಿಗವ್ವ ಅದನ್ನು ಲಿಂಗಸುಗೂರಿಗೆ ಒಯ್ದಳು, ಖಾಲಾ ಮಸ್ಕಿಯ ಸಂತೆಗೆ. ಮುಂದಿನ ಸಲ ಖಾಲಾ ಬಂದಾಗ ಮಲಾರ ಇಳಿಸುವ ಮೊದಲೇ ಸುದ್ದಿ ಹೇಳಿದಳು: “ಮಸ್ಕಿಯಾಗ ಅದಕ್ಕ ಮೀಸಿ ಬಂದೈತಿ.”

“ಯಾರು ಹಚ್ಚಿದ್ರು?” ಎಂದು ಹಾರಿಬಿದ್ದೆ.

“ಹಚ್ಚೋದ್ಯಾಕ, ತಾನs ಬಂತು. ಅಲ್ಲಿ ಹತ್ತಿ ವ್ಯಾಪಾರದವರ ಮನಿ ಐತಿ ನೋಡು, ಐದು ಹೆಣ್ಣಿನ ಮ್ಯಾಲ ಒಂದು ಗಂಡು ಹುಟ್ಟೈತಿ. ಆ ಮನಿಗೆ ಯಾವ ಕಥಿ ಹೋದ್ರೂ ಗಂಡಾಗತೈತಿ.”

ಮಸ್ಕಿಯಲ್ಲಿ ಅದು ರುಮಾಲು ಸುತ್ತಿಕೊಂಡು, ಗುಡ್ಡದ ಬಂಡೆಗಳನ್ನು ಎತ್ತಿ ಕಳ್ಳರ ಮೇಲೆ ಎಸೆಯುತ್ತಿತ್ತಂತೆ. ಜೋಳ ಮುಟ್ಟುತ್ತಿರಲಿಲ್ಲ, ತುಪ್ಪವೇ ಬೇಕು. ಇನ್ನು ಲಿಂಗಸುಗೂರಿನಿಂದ ಮತ್ತೆ ಬಂದ ಚಿಗವ್ವ ಹೇಳಿದ್ದು ಕೇಳಿ ನನಗೆ ಅಳು ಬಂತು: ಅವಳ ಓಣಿಯವರು ಅದಕ್ಕೆ ಮೂಗುತಿ ಇಟ್ಟಿದ್ದರು. ನಾನು ಕೂದಲು ತೆಗೆದಿದ್ದೆ, ಕಿವಿ ತೆಗೆದಿದ್ದೆ, ಮೂಗು ತೆಗೆಯಲು ಮರೆತಿದ್ದೆ. ಹೆಣ್ಣು ಮಾಡಲೇಬೇಕೆಂದು ಕೂತವರಿಗೆ ಒಂದು ಮೂಗು ಸಾಕು.

ಸಿಟ್ಟಿನಿಂದ ಎರಡು ದಿನ ಕಥೆ ನಿಲ್ಲಿಸಿದೆ. ನನ್ನ ಜೀವಕ್ಕೆ ಮೀಸೆ ಹಚ್ಚಲು, ಮೂಗು ಚುಚ್ಚಲು ಇವರೆಲ್ಲ ಯಾರು? ಆದರೆ ಕಥೆ ನಿಂತ ಕೂಡಲೇ ಶೇಂಗಾದ ಗುಡ್ಡೆ ನನ್ನ ಮುಂದೆ ಬಂದು ಕೂತಿತು. ಮೂರನೆಯ ದಿನ ಮತ್ತೆ ಬಾಯಿ ತೆರೆದೆ.

ಮಳೆ ಬೀಳುವ ಮುಂಚೆ ಹಗೇವು ತೆರೆಯಬೇಕೆಂದು ಅಪ್ಪ ದಿನ ಗೊತ್ತುಮಾಡಿದ. ಆಗ ಆಯಿಗೆ ಒಂದು ವಿಚಾರ ಹೊಳೆಯಿತು. “ನಿಜಾಮನ ಗದ್ದಲದ ವರ್ಷ ಮನಿ ಬಂಗಾರ ಎಲ್ಲಾ ಆ ಹಗೇವಿನಾಗs ಇಟ್ಟು ಉಳಿಸಿಕೊಂಡೀವಿ. ಅದು ಮನಿಮಗಳಂಗ ಕಾದೈತಿ. ಅದಕ್ಕ ಉಡಿ ತುಂಬೂಣು.” ಉಡಿ ತುಂಬುವುದೆಂದರೆ ಮನೆಯ ಹೆಣ್ಣುಮಗಳನ್ನು ಮಣೆಯ ಮೇಲೆ ಕೂರಿಸಿ, ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಖಣ ಹಾಕಿ ಹರಸುವುದು. ಆ ಜೀವ ನನ್ನ ಸೋಮಾರಿತನದಲ್ಲಿ ಹುಟ್ಟಿದ್ದೆಂದು ಆಯಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎರಡು ತಿಂಗಳು ದಿನಾ ಅದರ ಪರವಾಗಿ ಜಗಳಾಡಿ ಜಗಳಾಡಿ, ಅದು ಅವಳಿಗೆ ಮೊಮ್ಮಗಳೇ ಆಗಿಬಿಟ್ಟಿತ್ತು. ಜೀವಕ್ಕೆ ಮಡಿಲಿಲ್ಲವಾದ್ದರಿಂದ ಅದರ ಪರವಾಗಿ ನಾನೇ ಕೂರಬೇಕೆಂದು ಗೊತ್ತಾಯಿತು. ಕೊಬ್ಬರಿ ಸಿಗುತ್ತದಲ್ಲ ಎಂದು ನಾನು ಒಪ್ಪಿದೆ.

“ಅವತ್ತs ಮಸ್ಕಿಯವರೂ ಬರ್ತಾರ,” ಎಂದಳು ಆಯಿ. “ಹತ್ತಿ ವ್ಯಾಪಾರದವರ ಮನಿಯವರು. ನಿನ್ನ ಬಾಯಿಲೇ ಕಥಿ ಕೇಳಬೇಕಂತ.”

ನನಗೆ ಒಂದಿಷ್ಟೂ ಸಂಶಯ ಬರಲಿಲ್ಲ. ಕೇಳುಗರು ಬಂಡಿ ಕಟ್ಟಿಕೊಂಡು ದೂರದ ಊರಿನಿಂದ ಬರುತ್ತಾರೆಂದರೆ ಯಾವ ಕಥೆಗಾರ್ತಿಗೆ ಸಂಶಯ ಬರುತ್ತದೆ? ಅವ್ವ ಅಂದು ಎಂದಿಗಿಂತ ಬಿಗಿಯಾಗಿ ಜಡೆ ಹೆಣೆದಳು. ಹೊಸ ಪರಕಾರ ಉಡಿಸಿದಳು. ಖಾಲಾ ಎರಡೂ ಕೈಗೆ ಹಸಿರು ಬಳೆ ಏರಿಸಿ ಯಾಕೋ ನನ್ನ ಗಲ್ಲ ಹಿಡಿದು ನಕ್ಕಳು. ನನ್ನ ಗಮನವೆಲ್ಲ ಒಂದರ ಮೇಲೆಯೇ ಇತ್ತು: ಮಸ್ಕಿಯವರ ಮುಂದೆ ಆ ಮೀಸೆಯನ್ನು ಹೇಗೆ ಬೋಳಿಸುವುದು.

ಬೆಳಿಗ್ಗೆಯೇ ಹಗೇವಿನ ಬಾಯಿ ತೆರೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಕಂದೀಲು ಒಳಗೆ ನಿಶ್ಚಿಂತೆಯಿಂದ ಉರಿಯುತ್ತಿತ್ತು. ಮಸ್ಕಿಯಿಂದ ಬಂದವರು ಮೂವರು ಹೆಂಗಸರು. ಅವರಲ್ಲಿ ಆ ಒಬ್ಬ ಮಗನ ತಾಯಿ, ದಪ್ಪ ಸರ, ದಪ್ಪ ದನಿ. ಎಲ್ಲರೂ ಅಂಗಳದಲ್ಲಿ ಕಂಬಳಿಯ ಮೇಲೆ ಕೂತರು. ನಾನು ಹಗೇವಿನ ಪಕ್ಕದ ಮಣೆಯ ಮೇಲೆ. ಕಥೆ ಹೇಳಿದೆ. ಆ ತಾಯಿ ಕಥೆ ಕೇಳುವುದಕ್ಕಿಂತ ನನ್ನ ಹಲ್ಲು, ಕೈ, ಪಾದ ನೋಡುವುದರಲ್ಲೇ ಇದ್ದಳು. ಕಥೆ ಮುಗಿದಾಗ ಪಕ್ಕದವಳಿಗೆ, “ಮಾತು ಸ್ವಲ್ಪ ಹೆಚ್ಚು. ನಮ್ಮನಿಗೆ ಬಂದ್ರ ಕಡಿಮಿ ಆಗ್ತೈತಿ,” ಎಂದಳು.

ಆಯಿ ನನ್ನ ಮಡಿಲಿಗೆ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು ಇಟ್ಟಳು. ಮಸ್ಕಿಯ ತಾಯಿಯೂ ತನ್ನ ಚೀಲದಿಂದ ಒಂದು ರೇಷ್ಮೆಯ ಖಣ ತೆಗೆದಳು. ಅವ್ವ ನೆಲ ನೋಡುತ್ತ ನಿಂತಿದ್ದಳು. ಆಗ ಹಿಂದಿನಿಂದ ಚಿಗವ್ವ ನನ್ನ ಕಿವಿಯ ಹತ್ತಿರ ಬಾಗಿದಳು: “ಕಥಿಗಲ್ಲಬೇ, ನಿನ್ನ ನೋಡಾಕ ಬಂದಾರ. ಆ ಖಣ ಉಡಿಗೆ ಬಿತ್ತಂದ್ರ ಮಾತು ಮುಗೀತು. ಮದುವಿ ನಾಕು ವರ್ಷ ಬಿಟ್ಟು. ಸಾಲಿ ಇವತ್ತs ಮುಗೀತು.”

ಇಷ್ಟು ದಿನ ಊರಿಗೆಲ್ಲ ಬಾಯಿ ಬಡಿದವಳಿಗೆ ಈಗ ನಾಲಿಗೆಯೇ ಹೊರಳಲಿಲ್ಲ. ರೇಷ್ಮೆಯ ಖಣ ನನ್ನ ಮಡಿಲ ಮೇಲೆ ಬಂದು ನಿಂತಿತ್ತು. ಅಷ್ಟರಲ್ಲಿ ಆಯಿ ಹಗೇವಿನ ಕಡೆ ತಿರುಗಿ, ಕಣ್ಣು ಮುಚ್ಚಿ, ತುಂಬು ದನಿಯಲ್ಲಿ ಹರಸಿದಳು: “ಹಗೇವಿನ ಮಗಳs, ನಿನ್ನ ಉಡಿ ತುಂಬೀನಿ, ತಣ್ಣಗಿರವ್ವಾ.”

ಖಣ ಅಲ್ಲೇ ನಿಂತಿತು. “ಯಾರಿಗೆ ತುಂಬಿದ್ರಿ?” ಎಂದಳು ಮಸ್ಕಿಯ ತಾಯಿ.

“ಅದಕ್ಕ. ಹಗೇವಿಂದಕ್ಕ.”

“ಗಂಡಿಗೆ ಉಡಿ ತುಂಬತೀರೇನ್ರೀ? ಶುಭಕಾರ್ಯದಾಗ ಏನಿದು ಅಪಶಕುನ!”

ಆಯಿ ಕಣ್ಣು ತೆರೆದಳು. ಅವಳು ಹಾಗೆ ಕಣ್ಣು ತೆರೆದರೆ ಅಪ್ಪನೂ ಅಂಗಡಿಯ ಕಡೆ ಹೋಗಿಬಿಡುತ್ತಿದ್ದ. “ಯಾವುದು ಗಂಡು?”

“ಅದs. ನಮ್ಮೂರಾಗ ಅದಕ್ಕ ಇಷ್ಟುದ್ದ ಮೀಸಿ ಐತಿ. ಕೂಸುಕುನ್ನಿಗೆಲ್ಲಾ ಗೊತ್ತೈತಿ.”

“ನಿಮ್ಮೂರಾಗ ಕ್ವಾಡು ಇರ್ಲಿ. ಹುಟ್ಟಿದ್ದು ನಮ್ಮ ಅಂಗಳದಾಗ. ಹೆಣ್ಣು.”

“ಮೂಗುತಿ ಐತ್ರೀ ಅದಕ್ಕ, ನಾ ಕಣ್ಣಾರೆ...” ಎಂದು ಚಿಗವ್ವ ಎಣ್ಣೆ ಸುರಿಯಲು ಹೋಗಿ, ಕಣ್ಣಾರೆ ಕಂಡವರು ಯಾರೂ ಇಲ್ಲವೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಆದರೆ ಬೆಂಕಿ ಹೊತ್ತಿಕೊಂಡಿತ್ತು. ಹೆಣ್ಣಾಗಿದ್ದರೆ ಒಂದು ದಿನವಾದರೂ ಮೇಲೆ ಬಂದು ಒಂದು ರೊಟ್ಟಿ ಬಡಿದಿತ್ತೇನು ಎಂದು ಮಸ್ಕಿಯವರು. ಗಂಡಾಗಿದ್ದರೆ ಇಷ್ಟು ವರ್ಷ ಒಂದೇ ಕಡೆ ಕೂತಿರುತ್ತಿತ್ತೇನು ಎಂದು ಆಯಿ. ಮುಕ್ಕುಂದದವಳಿಗೆ ಪಾಪ ಧರ್ಮಸಂಕಟ. ಎರಡು ತಿಂಗಳು ಗಂಡು ಎಂದು ವಾದಿಸಿದವಳು ಈಗ ಪರ ಊರಿನವರ ಮುಂದೆ ನಮ್ಮ ಓಣಿಯ ಮಾನ ಬಿಡಲಾಗದೆ, “ಹೆಣ್ಣs! ಹೆಣ್ಣs!” ಎಂದು ಎಲ್ಲರಿಗಿಂತ ಜೋರಾಗಿ ಕೂಗಿದಳು. ಎರಡೂ ಮನೆಗೆ ಬಳೆ ತೊಡಿಸುವ ಖಾಲಾ ಮಾತ್ರ ಮಲಾರ ಅಪ್ಪಿಕೊಂಡು ಆಕಾಶ ನೋಡುತ್ತಿದ್ದಳು.

ಕೊನೆಗೆ ಮಸ್ಕಿಯ ತಾಯಿ ಖಣವನ್ನು ನನ್ನ ಮೂಗಿನ ಮುಂದೆ ಅಲ್ಲಾಡಿಸಿ ಹೇಳಿದಳು: “ಪೈಸಲಾ ಆಗಿಬಿಡ್ಲಿ. ಹುಟ್ಟಿಸಿದಾಕಿ ಇಲ್ಲೇ ಕುಂತಾಳ. ಹೇಳಬೇ, ಹೆಣ್ಣೋ ಗಂಡೋ?”

ಎಲ್ಲರ ಕಣ್ಣು ನನ್ನ ಮೇಲೆ. ಗಂಡು ಎಂದರೆ ಮಸ್ಕಿಯವರು ಖುಷಿಯಾಗಿ ಖಣ ಹಾಕುತ್ತಾರೆ. ಹೆಣ್ಣು ಎಂದರೆ ಆಯಿ ಗೆದ್ದು, ಆ ಸಂತೋಷದಲ್ಲಿ ಅವರನ್ನು ಸಮಾಧಾನ ಮಾಡಿ ತಾನೇ ಖಣ ಹಾಕಿಸುತ್ತಾಳೆ. ಯಾವ ಕಡೆಯಿಂದ ನೋಡಿದರೂ ಆ ಖಣ ನನ್ನ ಮಡಿಲಿಗೇ ಬೀಳುವುದಿತ್ತು.

“ಕೇಳಿ ಬರ್ತೀನಿ,” ಎಂದೆ. ಮಡಿಲನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು, ಯಾರಾದರೂ ಕೈ ಚಾಚುವ ಮೊದಲೇ ಹಗೇವಿನೊಳಗೆ ಜಾರಿದೆ. ಜೋಳ ಅರ್ಧಕ್ಕಿತ್ತು, ಮೊಣಕಾಲವರೆಗೆ ಹೂತು ಕೂತುಬಿಟ್ಟೆ.

ಒಳಗೆ ಬೆಚ್ಚಗಿತ್ತು. ಮೇಲೆ ರೊಟ್ಟಿಯಷ್ಟು ಆಕಾಶ. ಹೆದರಿಕೆಯಾಗುತ್ತಿತ್ತು, ಜೊತೆಗೆ ನಗುವೂ ಬರುತ್ತಿತ್ತು. ಯಾವುದು ಮೊದಲು ಬಾಯಿಗೆ ಬರುತ್ತದೋ ತಿಳಿಯದೆ ಕೊಬ್ಬರಿ ಕಚ್ಚಿದೆ. ಒಂದೊಂದೇ ತಲೆ ಬಂದು ಆ ರೊಟ್ಟಿಯನ್ನು ಮುಚ್ಚುತ್ತಿತ್ತು. “ಏನಂತೈತಿ?” ಎಂದಿತು ಮಸ್ಕಿಯ ದಪ್ಪ ದನಿ.

“ಹೇಳೂದಿಲ್ಲ ಅಂತೈತಿ!” ಎಂದು ಕೂಗಿದೆ.

“ಯಾಕಂತ?”

“ಹೆಣ್ಣು ಅಂದ್ರ ಮಸ್ಕಿಗೆ ಕೊಟ್ಟುಬಿಡ್ತೀರಂತ. ಗಂಡು ಅಂದ್ರ ಉಡಿ ಕಸಗೋತೀರಂತ. ಅದಕ್ಕ ಎರಡೂ ಬ್ಯಾಡಂತ. ಕೊಬ್ರಿ ತಿನ್ನಾಕತ್ತೈತಿ!”

ಮೇಲೆ ಮೊದಲು ಖಾಲಾ ನಕ್ಕಳು. ಆಮೇಲೆ ಶೇಂಗಾ ಒಡೆಯುವವರೆಲ್ಲ ನಕ್ಕರು. ಆ ನಗುವೇ ಮಸ್ಕಿಯವರಿಗೆ ತಡೆಯಲಾಗಲಿಲ್ಲ. “ಹುಡುಗಿ ಹಗೇವಿಗೆ ಬಿದ್ದಾಳ, ನಿಮಗ ನಗಿ! ಇಂಥ ಮನಿ ಸಂಬಂಧ ನಮಗ ಬ್ಯಾಡ,” ಎಂದು ಆ ತಾಯಿ ಎದ್ದಳು. ಆಯಿ ಕೂರಿ ಎನ್ನಬೇಕಿತ್ತು. ಅನ್ನಲಿಲ್ಲ. ಬಂಡಿಯ ಗಾಲಿಯ ಸದ್ದು ನನಗೆ ನೆಲದೊಳಗಿಂದಲೇ ಕೇಳಿಸಿತು.

ಎಷ್ಟೋ ಹೊತ್ತಿನ ಮೇಲೆ ಆಯಿಯ ತಲೆ ಕಾಣಿಸಿತು. ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ. ಮೆಲ್ಲಗೆ, “ಹೋದ್ರು. ಮ್ಯಾಲ ಬಾ,” ಎಂದಳು.

“ಬರೂದಿಲ್ಲ.”

“ಹೆಣ್ಣು ಅಂದಿದ್ರ ನಿಂದೇನು ಹೋಗತಿತ್ತಬೇ? ಅವರ ಮುಂದ ನನ್ನ ಮಾತು ಉಳೀತಿತ್ತು.”

“ಹೆಣ್ಣು ಅಂದಿದ್ರ ಅದನ್ನೂ ಕೊಟ್ಟುಬಿಡ್ತಿದ್ದಿ,” ಎಂದೆ. ಈಗ ಅಳು ಬಂದೇ ಬಂತು. “ನನಗ ಲಿಂಗಸುಗೂರು ಬೇಕಾಗಿತ್ತು. ಸಾಲಿ ಬೇಕಾಗಿತ್ತು.”

“ಬಾಯಿಬಿಟ್ಟು ಹೇಳಬಾರದೇನು?”

“ಹೇಳೀನಲ್ಲ! ದಿನಾ ಹೇಳೀನಿ. ಬಂಡಿ ಹತ್ತಿ ಹೋತು, ಪಾಟಿ ಹಿಡೀತು, ಲೆಕ್ಕ ಮಾಡಿತು ಅಂತ ದಿನಾ ಹೇಳೀನಿ. ನೀವೆಲ್ಲಾ ಅದು ಹೆಣ್ಣೋ ಗಂಡೋ ಅಂತ ಜಗಳಾಡಿದ್ರಿ. ಅದಕ್ಕ ಏನು ಬೇಕು ಅಂತ ಯಾರು ಕೇಳಿದ್ರಿ?”

ಆ ರೊಟ್ಟಿಯಷ್ಟು ಬೆಳಕಿನಲ್ಲಿ ಆಯಿಯ ಮುಖ ಕಾಣುತ್ತಿರಲಿಲ್ಲ, ತಲೆಯ ಸುತ್ತಿನ ನರೆಗೂದಲಷ್ಟೇ ಹೊಳೆಯುತ್ತಿತ್ತು. ಅವಳು ಕೈ ಕೆಳಗೆ ಚಾಚಿದಳು. ನನ್ನ ಕೈಗೆ ಅದು ಎಟುಕುವಂತಿರಲಿಲ್ಲ, ಆದರೂ ಚಾಚಿಯೇ ಇದ್ದಳು. ಕೊನೆಗೆ ಅಪ್ಪ ಬಂದು ಹಗ್ಗ ಎಳೆದು ನನ್ನನ್ನು ಮೇಲೆತ್ತಿದ. ಜೋಳದ ಧೂಳಿನಿಂದ ನಾನೇ ಜೋಳದ ಬಣ್ಣವಾಗಿದ್ದೆ. ಆಯಿ ಸೆರಗಿನಿಂದ ನನ್ನ ಮುಖ ಒರೆಸಿ, ಚಿಗವ್ವನ ಕಡೆ ತಿರುಗಿ, “ಸಾಲಿ ಎಂದು ತೆರಿತಾರ?” ಎಂದು ಕೇಳಿದಳು.

ಸಾಲೆ ತೆರೆಯಲು ಹದಿನೈದು ದಿನವಿತ್ತು. ನಾನು ಹೋದದ್ದು ಮೋಟಾರಿನಲ್ಲಿ, ಚಿಗವ್ವನ ಪಕ್ಕದಲ್ಲಿ, ದಾರಿಯುದ್ದಕ್ಕೂ ಓಕರಿಸುತ್ತ. ಐದನೆಯ ಜಮಾತಿನಲ್ಲಿ ನಾವು ಆರು ಹುಡುಗಿಯರು. ಮಾಸ್ತರರು ಮೊದಲ ವಾರವೇ ನನ್ನ ಕಿವಿ ಹಿಂಡಿದರು. ನನಗೆ ಆಗಿದ್ದ ಸಂತೋಷಕ್ಕೆ ಆ ನೋವು ಲೆಕ್ಕಕ್ಕೇ ಬರಲಿಲ್ಲ.

ದೀಪಾವಳಿಗೆ ಊರಿಗೆ ಬಂದಾಗ ಅವ್ವ ಒಂದು ಸಂಗತಿ ಹೇಳಿದಳು. ನಾನು ಹೋದಮೇಲೆ ಶ್ರಾವಣದಲ್ಲಿ ಅದೇ ಹೆಂಗಸರು ಹಗೇವಿನ ಜೋಳ ಹಸನು ಮಾಡಲು ನಮ್ಮ ಪಡಸಾಲೆಯಲ್ಲಿ ಕೂತಿದ್ದರಂತೆ. ಕಥೆಯಿಲ್ಲದೆ ಬೇಸರವಾಗಿ, ಹಗೇವಿನ ಜೀವ ಈಗೇನು ಮಾಡುತ್ತಿದೆ ಎಂದು ಯಾರೋ ಆಯಿಯನ್ನು ಕೇಳಿದರಂತೆ.

“ಅದು ಇಲ್ಲಿಲ್ಲ. ಲಿಂಗಸುಗೂರಿನ ಸಾಲಿಗೆ ಹೋಗೈತಿ,” ಎಂದಳಂತೆ ಆಯಿ, ಮೊರದಲ್ಲಿ ಜೋಳ ಕೇರುತ್ತ.

“ಖರೇವಂದ್ರೂ ಸಾಲಿಗೆ ಹೋಗೈತಿ ಅಂದ್ರ ಗಂಡs ಇರಬೇಕು ಬಿಡ್ರಿ ಅಮ್ಮಾರ,” ಎಂದಳಂತೆ ಮುಕ್ಕುಂದದವಳು, ಹಳೆಯ ಪಕ್ಷಕ್ಕೆ ಮರಳಿ.

ಆಯಿ ಮೊರ ಕೆಳಗಿಟ್ಟಳಂತೆ.

“ಯಾಕಬೇ? ನನ್ನ ಮೊಮ್ಮಗಳು ಹೋಗ್ಯಾಳಲ್ಲ?”